ರನ್ ಪದದ ಅರ್ಥಗಳನ್ನು ಹೇಗೆ ಕಲಿತಿರಿ? ಅನುಭವ ಹೇಳಿ

ಹೊಸಬಳು: ನಮಸ್ಕಾರ. ರನ್ ಅಂದರೆ ಓಡು ಅಂತ ಕಲಿತವಳು ನಾನು. ಈಗ ನೋಡಿದರೆ ಮೂಗೂ ರನ್, ನಲ್ಲಿಯೂ ರನ್, ಕಂಪನಿಯೂ ರನ್! ಮುಂದಿನ ತಿಂಗಳು ಪರೀಕ್ಷೆ. ಪಟ್ಟಿ ಮಾಡಿ ಬಾಯಿಪಾಠ ಹಾಕಲಾ, ಬೇಡ್ವಾ?

ಪಟ್ಟಿಯವನು: ಹಾಕಿ. ನಾನು ಹಾಕಿದ್ದೆ. 200 ಪುಟದ ನೋಟ್‌ಬುಕ್, ಬೆಳಗ್ಗೆ 5ಕ್ಕೆ ಎದ್ದು ದಿನಕ್ಕೆ ಆರು ಅರ್ಥ, ಒಟ್ಟು 41 ದಿನ. ಹನ್ನೆರಡನೇ ದಿನ ನೀರು ಚೆಲ್ಲಿ 72 ಅರ್ಥವೂ ಕಲಸಿಹೋಯಿತು. ಮೊದಲಿಂದ ಬರೆದೆ. ಇವತ್ತಿಗೂ ಒಂದೂ ಮರೆತಿಲ್ಲ. ಪಟ್ಟಿ ಬೇಡ ಅನ್ನುವವರು ಕಷ್ಟಪಡದವರು.

ಅನುವಾದಕಿ: ನಾನು ಕಷ್ಟಪಟ್ಟಿಲ್ವಾ? ನನ್ನ ಹತ್ತಿರವೂ ಪಟ್ಟಿ ಇತ್ತು. ನೀರೆತ್ತುವ ಪಂಪಿನ ಕೈಪಿಡಿ, 38 ಪುಟ, ಮೂರು ವಾರದ ಕೆಲಸ. ‘ಪಂಪನ್ನು ರನ್ ಡ್ರೈ ಮಾಡಬೇಡಿ’ ಅನ್ನುವುದಕ್ಕೆ ‘ಒಣಗಿಸಿ ಓಡಿಸಬೇಡಿ’ ಅಂತ ಬರೆದೆ. ಬೇಕಿದ್ದದ್ದು ‘ನೀರಿಲ್ಲದೆ ಚಾಲೂ ಮಾಡಬೇಡಿ’. ನೀರಿಲ್ಲದೆ ತಿರುಗಿದರೆ ಒಳಗಿನ ಸೀಲ್ ಬಿಸಿಯಾಗಿ ಹಾಳಾಗುತ್ತದೆ. ಪೂರ್ತಿ ಕೆಲಸ ವಾಪಸ್ ಬಂತು, ಸಿಕ್ಕಿದ್ದು ಅರ್ಧ ದುಡ್ಡು. ರನ್ ಪಟ್ಟಿಯಲ್ಲಿತ್ತು, ಡ್ರೈ ಕೂಡ ಇತ್ತು. ಎರಡೂ ಸೇರಿದರೆ ಏನು ಅಂತ ಇರಲಿಲ್ಲ.

ಪಟ್ಟಿಯವನು: ನಿಮ್ಮ ಪಟ್ಟಿ ಚಿಕ್ಕದಿತ್ತು ಮೇಡಂ, ಅಷ್ಟೇ.

ಅನುವಾದಕಿ: ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪೀಟರ್ ಗಿಲಿವರ್ ರನ್ ಕ್ರಿಯಾಪದ ಒಂದಕ್ಕೇ 645 ಅರ್ಥ ಲೆಕ್ಕ ಹಾಕಿದ್ದಾರೆ. ಅವರಿಗೇ ಒಂಬತ್ತು ತಿಂಗಳು ಹಿಡಿಯಿತು. ನಿಮ್ಮದು ಆರು ಇಂಟು 41, ಬರೀ 246.

ನಿಘಂಟುಪ್ರಿಯ: ಸುಮ್ನೆ ಏನೇನೋ ಹೇಳಬೇಡಿ. ಜಾಸ್ತಿ ಅರ್ಥ ಇರುವುದು ಸೆಟ್ ಪದಕ್ಕೆ. 430.

ಅನುವಾದಕಿ: ಅದು 1989ರ ಎರಡನೇ ಆವೃತ್ತಿ ಸರ್. ಪರಿಷ್ಕರಣೆಯಲ್ಲಿ ರನ್ ದಾಟಿತು.

ನಿಘಂಟುಪ್ರಿಯ: ಹಳೇ ಎಣಿಕೆಯನ್ನು ಹೊಸದರ ಪಕ್ಕ ಇಡುವುದು ಯಾವ ನ್ಯಾಯ? ಸೆಟ್ ಬಗ್ಗೆ ನಾನು ಬರೆದ ಮೂರು ಪುಟ ಓದಿ, ಆಮೇಲೆ ಮಾತಾಡಿ.

ಹಳೆ ಮೇಷ್ಟ್ರು: ಎಣಿಕೆ ಅತ್ತ ಇರಲಿ. ಸೈಕಲ್ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಬಣ್ಣ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ. ಯಾವ ಪಟ್ಟಿ ನೋಡಿ ಕಲಿತಿರಿ? ಚುನಾವಣೆಗೆ ಅಮೆರಿಕದವರು ರನ್ ಅನ್ನುತ್ತಾರೆ, ಬ್ರಿಟನ್ನಿನವರು ನಮ್ಮ ಹಾಗೇ ನಿಲ್ಲುತ್ತಾರೆ. ಇದನ್ನೆಲ್ಲ ವಾಕ್ಯದಲ್ಲೇ ಹಿಡಿಯಬೇಕು. 19 ವರ್ಷ ನಾನೂ ಪಟ್ಟಿ ಬರೆಸಿದೆ. ಮಕ್ಕಳು ಪಾಸಾದರು. ಮೂಗು ಸೋರುತ್ತಿದೆ ಅಂತ ಇಂಗ್ಲಿಷಿನಲ್ಲಿ ಹೇಳಲು ಮಾತ್ರ ಒಬ್ಬರಿಗೂ ಬಾಯಿ ಬರಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಪಟ್ಟಿಯವನು: ಪಾಸಾದರು ಅಲ್ವಾ ಸರ್? ಈ ತಂಗಿಗೆ ಪರೀಕ್ಷೆ ಮುಂದಿನ ತಿಂಗಳೇ ಇರೋದು.