ಡಿವಿಜಿ ಅಂತ ಹುಡುಕಿದರೆ ಎರಡು, ಗುಂಡಪ್ಪ ಅಂತ ಹುಡುಕಿದರೆ ಹದಿನೇಳು

ಪ್ರಶ್ನೆ: ಮುಳಬಾಗಿಲು ಲೈಬ್ರರಿಯನ್

ಎಲ್ಲರಿಗೂ ನಮಸ್ಕಾರ. ಮುಳಬಾಗಿಲು ತಾಲ್ಲೂಕಿನ ಒಂದು ಡಿಗ್ರಿ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಲೈಬ್ರರಿ ನೋಡಿಕೊಳ್ಳುತ್ತಿದ್ದೇನೆ. ಒಂದು ವಿಷಯ ಕೇಳಬೇಕು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಹೋದ ವಾರ ಬಿ.ಎ. ಮೂರನೇ ಸೆಮಿಸ್ಟರಿನ ಹುಡುಗಿಯೊಬ್ಬಳು ಬಂದಳು. ಮನೆಮಾತು ತೆಲುಗು, ಓದಿದ್ದೆಲ್ಲ ಕನ್ನಡ ಮೀಡಿಯಂ. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ನಮ್ಮಲ್ಲಿ ಹಾಗಿರುವ ಮಕ್ಕಳು ತುಂಬಾ ಜನ. ಅವಳಿಗೆ ಡಿವಿಜಿ ಬಗ್ಗೆ ಸೆಮಿನಾರ್ ಕೊಟ್ಟಿದ್ದರು. ನನ್ನನ್ನು ಕೇಳದೆ ತಾನೇ ಕಂಪ್ಯೂಟರ್ ಮುಂದೆ ಕೂತು "ಡಿವಿಜಿ" ಅಂತ ಟೈಪ್ ಮಾಡಿದಳು. ಎರಡು ಪುಸ್ತಕ ಬಂದವು. ಎರಡೂ ಬೇರೆಯವರು ಅವರ ಬಗ್ಗೆ ಬರೆದವು. "ಇಷ್ಟೇನಾ ಮೇಡಂ?" ಅಂದಳು. ನಾನು ಕೌಂಟರಿನಲ್ಲಿ ಪುಸ್ತಕ ಇಶ್ಯೂ ಮಾಡುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಬ್ಯಾಗ್ ಹಾಕಿಕೊಂಡು ಹೊರಟೇಬಿಟ್ಟಿದ್ದಳು.

ಸಂಜೆ ಬಾಗಿಲು ಹಾಕಿಕೊಂಡು ನಾನೇ ಹುಡುಕಿದೆ. "ಗುಂಡಪ್ಪ" ಅಂದರೆ ಹದಿನೇಳು. "ಡಿ.ವಿ.ಜಿ." ಅಂತ ಚುಕ್ಕೆ ಇಟ್ಟರೆ ಬೇರೆ ನಾಲ್ಕು. ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಇನ್ನೂ ಆರು. ಅಷ್ಟೂ ಪುಸ್ತಕ ಅವಳು ಕೂತಿದ್ದ ಕುರ್ಚಿಯ ಹಿಂದಿನ ಬೀರುವಿನಲ್ಲೇ ಇವೆ. ಡಿವಿಜಿ 1887ರಲ್ಲಿ ಹುಟ್ಟಿದ್ದು ಇದೇ ಮುಳಬಾಗಿಲಿನಲ್ಲಿ. ಅವರ ಸ್ವಂತ ತಾಲ್ಲೂಕಿನ ಕಾಲೇಜಿನಲ್ಲೇ ಅವರ ಪುಸ್ತಕ ಸಿಗದೆ ಒಂದು ಮಗು ವಾಪಸ್ ಹೋಯಿತಲ್ಲ ಅಂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಸುಮಾರು ಹದಿನಾಲ್ಕು ಸಾವಿರ ಪುಸ್ತಕಗಳಿವೆ. ಕ್ಯಾಟಲಾಗ್ ಇರುವುದು ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರಿನಲ್ಲಿ. ನಾನು ಬರುವುದಕ್ಕೆ ಮುಂಚೆ ಯಾರೋ ಕಾಂಟ್ರಾಕ್ಟ್ ಮೇಲೆ ಎಂಟ್ರಿ ಮಾಡಿದ್ದಾರೆ. ಒಬ್ಬರು ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದಾರೆ, ಇನ್ನೊಬ್ಬರು ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಆಮೇಲೆ ಯೂನಿಕೋಡ್‌ಗೆ ತಿರುಗಿಸಿದ್ದಾರೆ. ಎಷ್ಟೋ ಕಡೆ "ಕರ್ನಾಟಕ" ಅನ್ನುವುದು "ಕನಾರ್ಟಕ" ಆಗಿ ಕೂತಿದೆ. ಅರ್ಥಶಾಸ್ತ್ರದ ಪುಸ್ತಕಗಳೆಲ್ಲ "ಅಥರ್ಶಾಸ್ತ್ರ".

ಇನ್ನು ಕಲಿಸುವ ವಿಷಯ. ಪ್ರತಿ ವರ್ಷ ಫಸ್ಟ್ ಇಯರ್ ಮಕ್ಕಳಿಗೆ ಒಂದು ಗಂಟೆ ಓರಿಯೆಂಟೇಶನ್ ಮಾಡುತ್ತೇನೆ. ಸೆಮಿನಾರ್ ಹಾಲ್, ನೂರಿಪ್ಪತ್ತು ಮಕ್ಕಳು, ಪಿಪಿಟಿ. ಲೈಬ್ರರಿ ಟೈಮಿಂಗ್, ಎಷ್ಟು ಪುಸ್ತಕ, ಎಷ್ಟು ದಿನ, ಎಷ್ಟು ಫೈನ್. ಈ ವರ್ಷ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಗ್ಗೆಯೂ ಹೇಳಿದೆ. 2025ರ ಜನವರಿಯಿಂದ ಸರ್ಕಾರಿ ಕಾಲೇಜುಗಳಿಗೆ ಸುಮಾರು 13,000 ಜರ್ನಲ್ ತೆರೆದಿದ್ದಾರೆ, ಒಳ್ಳೆಯದೇ. ಆದರೆ ನನ್ನ ಮಕ್ಕಳು ಕೇಳುವುದು ಅವರೂರಿನ ಕೆರೆ ಬಗ್ಗೆ, ಕೆಜಿಎಫ್ ಗಣಿ ಬಗ್ಗೆ, ಟೊಮೇಟೊ ರೇಟ್ ಬಗ್ಗೆ. ಓರಿಯೆಂಟೇಶನ್ ಮುಗಿದ ಮೇಲೆ ಅದನ್ನು ನೆನಪಿಟ್ಟುಕೊಂಡು ಬಂದ ಮಗು ಒಂದೂ ಇಲ್ಲ.

ಇರುವುದು ನಾನು ಮತ್ತು ಒಬ್ಬ ಅಟೆಂಡರ್. ಕ್ಯಾಟಲಾಗ್ ಎಲ್ಲಿಂದ ಸರಿ ಮಾಡಲು ಶುರು ಮಾಡಲಿ? ಅದು ಸರಿಯಾಗುವ ತನಕ ಮಕ್ಕಳಿಗೆ ಏನಂತ ಕಲಿಸಲಿ?

ಉತ್ತರ: ತುಮಕೂರು ಕೋಹಾ ಬಳಕೆದಾರ

ಮೇಡಂ, ಹದಿನಾಲ್ಕು ಸಾವಿರವನ್ನೂ ಒಟ್ಟಿಗೆ ಮುಟ್ಟಬೇಡಿ. ಮೊದಲು ಲೇಖಕರ ಹೆಸರು ಮಾತ್ರ ತೆಗೆದುಕೊಳ್ಳಿ. ರಿಪೋರ್ಟ್ಸ್‌ನಲ್ಲಿ ಲೇಖಕರ ಪಟ್ಟಿ ತೆಗೆದು ಎಕ್ಸೆಲ್‌ಗೆ ಹಾಕಿ, ಯಾವ ಹೆಸರಿಗೆ ಎಷ್ಟು ಪುಸ್ತಕ ಅಂತ ಎಣಿಸಿ, ಜಾಸ್ತಿ ಇರುವವರಿಂದ ಶುರು ಮಾಡಿ. ಡಿಗ್ರಿ ಕಾಲೇಜಿನಲ್ಲಿ ಮಕ್ಕಳು ಮತ್ತೆ ಮತ್ತೆ ಕೇಳುವುದು ಇನ್ನೂರು ಮುನ್ನೂರು ಲೇಖಕರನ್ನೇ ಅಲ್ವಾ?

ಒಬ್ಬೊಬ್ಬ ಲೇಖಕರಿಗೂ ಒಂದು ಅಥಾರಿಟಿ ರೆಕಾರ್ಡ್ ಮಾಡಿ, ಅಂದರೆ ಅವರ ಹೆಸರಿನ ಎಲ್ಲ ರೂಪಗಳನ್ನೂ ಒಂದೇ ಕಡೆ ಸೇರಿಸಿಡುವ ದಾಖಲೆ. ಅದರ 100ನೇ ಫೀಲ್ಡಿನಲ್ಲಿ ನೀವು ಒಪ್ಪಿಕೊಂಡ ಒಂದು ರೂಪ ಇರಲಿ, "ಗುಂಡಪ್ಪ, ಡಿ. ವಿ." ಅಂತ. ಡಿವಿಜಿ, ಡಿ.ವಿ.ಜಿ., ಇಂಗ್ಲಿಷ್ ಅಕ್ಷರದ ರೂಪ, ಇವೆಲ್ಲ 400ನೇ ಫೀಲ್ಡಿನಲ್ಲಿ. ಪುಸ್ತಕದ ರೆಕಾರ್ಡುಗಳನ್ನು ಅದಕ್ಕೆ ಲಿಂಕ್ ಮಾಡಿ. ಇಷ್ಟು ಮಾಡಿ ಬಿಟ್ಟರೆ ಹುಡುಕಾಟದಲ್ಲಿ ಏನೂ ಬದಲಾಗುವುದಿಲ್ಲ. ಸಿಸ್ಟಮ್ ಪ್ರಿಫರೆನ್ಸಸ್‌ನಲ್ಲಿ ಇನ್‌ಕ್ಲೂಡ್ ಸೀ ಫ್ರಮ್ ಇನ್ ಸರ್ಚಸ್ ಅಂತ ಇದೆ, ಅದನ್ನು ಆನ್ ಮಾಡಿ ಪೂರ್ತಿ ರೀಇಂಡೆಕ್ಸ್ ಮಾಡಬೇಕು, ಅಂದರೆ ಹುಡುಕಾಟದ ಸೂಚಿಯನ್ನು ಹೊಸದಾಗಿ ಕಟ್ಟಿಸಬೇಕು. ಆಮೇಲೆ ಯಾವ ಹೆಸರಿನಲ್ಲಿ ಹುಡುಕಿದರೂ ಎಲ್ಲ ಪುಸ್ತಕ ಬರುತ್ತವೆ. ಹಾಗೇ ನಿಮ್ಮ ಕೋಹಾ ಝೀಬ್ರಾ ಅನ್ನುವ ಸರ್ಚ್ ಎಂಜಿನ್ ಮೇಲೆ ಓಡುತ್ತಿದ್ದರೆ, ಯೂನಿಕೋಡ್ ಲಿಪಿಗಳಿಗೆ ಬೇಕಾದ ಐಸಿಯು ಸೆಟ್ಟಿಂಗ್ ಇದೆಯಾ ಅಂತ ಇನ್‌ಸ್ಟಾಲ್ ಮಾಡಿದವರನ್ನು ಕೇಳಿ. ಅದಿಲ್ಲದಿದ್ದರೆ ಕನ್ನಡ ಲಿಪಿಯ ಹುಡುಕಾಟ ನೆಟ್ಟಗೆ ಆಗುವುದಿಲ್ಲ.

"ಕನಾರ್ಟಕ" ಬಗ್ಗೆ ಒಂದು ಎಚ್ಚರಿಕೆ. ಹಳೇ ಫಾಂಟಿನಲ್ಲಿ ಅರ್ಕಾವೊತ್ತನ್ನು ಅಕ್ಷರದ ಆಮೇಲೆ ಟೈಪ್ ಮಾಡುತ್ತಿದ್ದರು. ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ತಿರುಗಿಸುವಾಗ ಆ ಜಾಗ ಬದಲಾಗದೆ ಉಳಿದರೆ ಹೀಗಾಗುತ್ತದೆ. ಹಾಗಾದರೆ ಒಂದೇ ಸಲಕ್ಕೆ ಎಲ್ಲವನ್ನೂ ಅದಲು ಬದಲು ಮಾಡಿಬಿಡೋಣ ಅನ್ನಿಸುತ್ತದೆ. ನಾನು ಹಾಗೇ ಮಾಡಿದೆ. "ಧಮರ್" ಸರಿಯಾಗಿ "ಧರ್ಮ" ಆಯಿತು, ಆದರೆ ಸರಿಯಾಗಿಯೇ ಇದ್ದ "ಶಂಕರ್" ಹೋಗಿ "ಶಂರ್ಕ" ಆಯಿತು. ರ್ ಕೊನೆಗೆ ಬರುವ ಹೆಸರುಗಳೆಲ್ಲ ಹಾಳಾದವು. ಹಿಂದಿನ ದಿನದ ಬ್ಯಾಕಪ್ ಇತ್ತು, ಬಚಾವಾದೆವು. ಆಮೇಲೆ ಒಂದೊಂದು ಪದವನ್ನೂ ಇಡಿಯಾಗಿ ಕೊಟ್ಟು ಬದಲಾಯಿಸಿದೆ. ಕನಾರ್ಟಕ, ಅಥರ್ಶಾಸ್ತ್ರ, ಧಮರ್, ಹೀಗೆ ಎಪ್ಪತ್ತು ಪದ ಆದ ಮೇಲೆ ಮುಕ್ಕಾಲು ಭಾಗ ಸರಿಹೋಯಿತು.

ಸೊನ್ನೆಯ ತೊಂದರೆಯೂ ನಿಮ್ಮಲ್ಲಿ ಇದ್ದೇ ಇರುತ್ತದೆ. "ಕೆಂಪೇಗೌಡ" ಟೈಪ್ ಮಾಡುವಾಗ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿರುತ್ತಾರೆ. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಕಂಪ್ಯೂಟರಿಗೆ ಮಾತ್ರ ಅವೆರಡೂ ಬೇರೆ ಬೇರೆ. ಅದನ್ನೂ ಕಣ್ಣುಮುಚ್ಚಿ ಬದಲಾಯಿಸಬೇಡಿ. ಪ್ರಕಟವಾದ ವರ್ಷವನ್ನು ೨೦೦೧ ಅಂತ ಕನ್ನಡ ಅಂಕಿಯಲ್ಲಿ ಹಾಕಿದ್ದರೆ ಅಲ್ಲಿರುವ ಸೊನ್ನೆಗಳೂ ಅನುಸ್ವಾರ ಆಗಿಬಿಡುತ್ತವೆ.

ಉತ್ತರ: ನಿವೃತ್ತ ಗ್ರಂಥಪಾಲಕ, ಚಿಂತಾಮಣಿ

ನೋಡಮ್ಮಾ, ತುಮಕೂರಿನವರು ಹೇಳಿದ ಅಥಾರಿಟಿ ರೆಕಾರ್ಡ್ ಅಂದರೆ ನಮ್ಮ ಕಾಲದ "ನೋಡಿ" ಕಾರ್ಡ್. ಮರದ ಡ್ರಾಯರು, ಐದಿಂಚು ಅಗಲ ಮೂರಿಂಚು ಎತ್ತರದ ಕಾರ್ಡು, ಕೆಳಗಡೆ ತೂತು, ಅದರೊಳಗೆ ಒಂದು ಕಂಬಿ. ಮಾಸ್ತಿಯವರು "ಶ್ರೀನಿವಾಸ" ಅನ್ನುವ ಹೆಸರಿನಲ್ಲಿ ಬರೆದರಲ್ಲ, ಹಳೇ ಮುದ್ರಣಗಳಲ್ಲಿ ಹೆಸರು ಹಾಗೇ ಇರುತ್ತಿತ್ತು. ಅದಕ್ಕೆ ನಾನು "ಶ್ರೀನಿವಾಸ: ನೋಡಿ ವೆಂಕಟೇಶ ಅಯ್ಯಂಗಾರ್, ಮಾಸ್ತಿ" ಅಂತ ಕೈಯಲ್ಲಿ ಬರೆದು ಇಟ್ಟಿದ್ದೆ. ಎಂಟ್ರಿ ಮಾಡುವ ಹುಡುಗರು ಕಂಪ್ಯೂಟರಿಗೆ ಪುಸ್ತಕದ ಕಾರ್ಡ್ ಮಾತ್ರ ಏರಿಸಿದರು. "ನೋಡಿ" ಕಾರ್ಡಿಗೆ ಆಕ್ಸೆಷನ್ ನಂಬರ್, ಅಂದರೆ ಪ್ರತಿ ಪುಸ್ತಕಕ್ಕೂ ಕೊಡುವ ದಾಖಲಾತಿ ಸಂಖ್ಯೆ, ಇರಲಿಲ್ಲ, ಹಾಗಾಗಿ ಬಿಟ್ಟುಬಿಟ್ಟರು. ನಿಮ್ಮ ಸ್ಟೋರ್ ರೂಮಿನಲ್ಲಿ ಹಳೇ ಡ್ರಾಯರ್ ಬಿದ್ದಿದ್ದರೆ ದಯವಿಟ್ಟು ತೆಗೆದು ನೋಡಿ. ಅರ್ಧ ಕೆಲಸ ಯಾರೋ ಆಗಲೇ ಮಾಡಿಟ್ಟಿರುತ್ತಾರೆ.

ಕಲಿಸುವ ವಿಷಯಕ್ಕೆ ಬರ್ತೀನಿ. ನೂರಿಪ್ಪತ್ತು ಮಕ್ಕಳಿಗೆ ಒಟ್ಟಿಗೆ ಪಿಪಿಟಿ ತೋರಿಸುವುದನ್ನು ಬಿಡಿ. ಹತ್ತು ಹನ್ನೆರಡು ಮಕ್ಕಳನ್ನು ಕರೆಸಿ, ಲೈಬ್ರರಿ ಒಳಗೇ, ನಿಂತುಕೊಂಡೇ ಕಲಿಸಿ. ನಾನು ಮಾಡುತ್ತಿದ್ದುದು ಇಷ್ಟೇ: "ನಿಮ್ಮೂರು ಯಾವುದು?" ಅಂತ ಕೇಳುವುದು, ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳಲ್ಲಿ ಹತ್ತನೆಯದನ್ನು ಕೈಗೆ ಕೊಡುವುದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಗಳು. ಪುಸ್ತಕ ಇಲ್ಲದಿದ್ದರೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಅದರಲ್ಲಿ ಅವರೂರಿನ ಕಲ್ಲು ಹುಡುಕಲು ಬಿಡಬೇಕು. ಚಿಂತಾಮಣಿ ಹುಡುಗ ಕೇಳುತ್ತಾನೆ, "ಸಾರ್, ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ, ಕೋಲಾರದ ಪುಸ್ತಕ ಯಾಕೆ?" ಆಗ 2007ರ ತನಕ ಎಲ್ಲ ಒಂದೇ ಜಿಲ್ಲೆ ಆಗಿತ್ತು ಅಂತ ಹೇಳಬೇಕು. ಬಂಗಾರಪೇಟೆ ಹುಡುಗಿಗೆ ತನ್ನ ತಾಲ್ಲೂಕೇ ಸಿಗುವುದಿಲ್ಲ. ರೈಸ್ ಕಾಲಕ್ಕೆ ಅದು ಬೌರಿಂಗ್‌ಪೇಟೆ. ನಿಮ್ಮ ಊರೇ ತಗೊಳ್ಳಿ, ಮುಳಬಾಗಿಲು, ಮುಳಬಾಗಲು, ಮೂಡಲಬಾಗಿಲು, ಇಂಗ್ಲಿಷಿನಲ್ಲಿ ಇನ್ನೊಂದು. ಒಂದು ಜಾಗಕ್ಕೆ ಇಷ್ಟು ಹೆಸರು ಇರಬಹುದು, ಸಿಗದಿದ್ದರೆ ಇನ್ನೊಂದು ಹೆಸರಲ್ಲಿ ಹುಡುಕಬೇಕು ಅಂತ ಆ ಮಗು ತಾನೇ ಕಂಡುಕೊಳ್ಳುತ್ತದೆ. ಅದಾದ ಮೇಲೆ ಕಂಪ್ಯೂಟರ್ ಮುಂದೆ ಕೂರಿಸಿ.

ಕೆಲವು ಊರುಗಳ ಶಾಸನ ಇರುವುದಿಲ್ಲ, ಮಕ್ಕಳ ಮುಖ ಸಣ್ಣಗಾಗುತ್ತದೆ. ಪಕ್ಕದೂರು ನೋಡಲು ಹೇಳಿ. ಕೋಲಾರದಲ್ಲಿ ಕೆರೆಗಳಿಗೆ ಬರವಿಲ್ಲ, ಕೆರೆ ಕಟ್ಟಿಸಿದ್ದು, ತೂಬು ಇಟ್ಟಿದ್ದು, ಗದ್ದೆ ಬಿಟ್ಟಿದ್ದು, ಏನಾದರೂ ಸಿಕ್ಕೇ ಸಿಗುತ್ತದೆ.

ಉತ್ತರ: ಮಾಲೂರು ಸಂಶೋಧನಾ ವಿದ್ಯಾರ್ಥಿ

ಮೇಡಂ, ವಿದ್ಯಾರ್ಥಿ ಕಡೆಯಿಂದ ಒಂದು ಮಾತು. ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ವೆಬ್‌ಸೈಟ್ ತೋರಿಸಿ. ಅದಕ್ಕೆ ಲಾಗಿನ್ ಬೇಡ, ಮೊಬೈಲಿನಲ್ಲೇ ಓದಬಹುದು. ಕೆಜಿಎಫ್, ಕೆರೆ, ರೇಷ್ಮೆ ಅಂತ ನಮ್ಮ ಕಡೆಯ ವಿಷಯಗಳಿಗೆ ಪಿಎಚ್‌ಡಿ ಪ್ರಬಂಧ ಹುಡುಕಲು ನಾನು ಮೊದಲು ಹೋಗುವುದು ಅಲ್ಲಿಗೇ. ಅಲ್ಲೂ ಇದೇ ಪಾಡು, ಕನ್ನಡ ಪ್ರಬಂಧಗಳ ಹೆಸರು ಕೆಲವು ಕನ್ನಡ ಲಿಪಿಯಲ್ಲಿವೆ, ಕೆಲವು ಇಂಗ್ಲಿಷ್ ಅಕ್ಷರದಲ್ಲಿವೆ. ಎರಡರಲ್ಲೂ ಹುಡುಕಬೇಕು ಅಂತ ನನಗೆ ಗೊತ್ತಾಗುವ ಹೊತ್ತಿಗೆ ಎಂ.ಎ. ಮುಗಿದಿತ್ತು. ಡಿಗ್ರಿಯಲ್ಲೇ ಯಾರಾದರೂ ಹೇಳಿದ್ದರೆ ಎಷ್ಟು ಅನುಕೂಲ ಆಗುತ್ತಿತ್ತು. ಪ್ರಬಂಧದ ಕೊನೆಯಲ್ಲಿರುವ ಪುಸ್ತಕಗಳ ಪಟ್ಟಿಯನ್ನೂ ತೋರಿಸಿ. ಮಕ್ಕಳು ಅಲ್ಲಿಯ ತನಕ ಹೋಗುವುದೇ ಇಲ್ಲ.

ಮುಳಬಾಗಿಲು ಲೈಬ್ರರಿಯನ್, ಐದು ವಾರದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏನಾಯಿತು ಅಂತ ಹೇಳಲೇಬೇಕು.

ಚಿಂತಾಮಣಿ ಸಾರ್, ಡ್ರಾಯರ್ ಸಿಕ್ಕಿತು. ಎಕ್ಸಾಮ್ ಪೇಪರ್ ಕಟ್ಟುಗಳ ಹಿಂದೆ ಇತ್ತು. ಒಂದು ಡ್ರಾಯರ್ ಪೂರ್ತಿ ಗೆದ್ದಲು ಹಿಡಿದಿದೆ, ಉಳಿದ ಐದು ಚೆನ್ನಾಗಿವೆ. ನೀಲಿ ಇಂಕಿನಲ್ಲಿ, ದುಂಡಗಿನ ಅಕ್ಷರದಲ್ಲಿ ಯಾರೋ ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದಾರೆ! "ಡಿ.ವಿ.ಜಿ.: ನೋಡಿ ಗುಂಡಪ್ಪ, ಡಿ. ವಿ." ಅನ್ನುವ ಕಾರ್ಡ್ ಅಲ್ಲೇ ಇತ್ತು. ಅದರ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿದೆ. ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಬರೆದವರು ಯಾರು ಅಂತ ನಮ್ಮ ಅಟೆಂಡರ್‌ಗೂ ಗೊತ್ತಿಲ್ಲ.

ಆ ಡ್ರಾಯರುಗಳಿಂದ ಮತ್ತು ನಮ್ಮ ಎಕ್ಸೆಲ್ ಪಟ್ಟಿಯಿಂದ ಇಲ್ಲಿಯ ತನಕ 140 ಲೇಖಕರ ಹೆಸರು ಸರಿ ಮಾಡಿದ್ದೇನೆ. ತುಮಕೂರು ಸಾರ್ ಹೇಳಿದ ಸೆಟ್ಟಿಂಗ್ ಆನ್ ಮಾಡಿಸಿ, ಒಂದು ಶನಿವಾರ ರಾತ್ರಿ ರೀಇಂಡೆಕ್ಸ್ ಹಾಕಿಸಿದೆವು. ಸೋಮವಾರ ಬೆಳಿಗ್ಗೆ "ಡಿವಿಜಿ" ಅಂತ ಟೈಪ್ ಮಾಡಿದೆ. ಇಪ್ಪತ್ತೊಂಬತ್ತು.

ಮಂಗಳವಾರ ಮಧ್ಯಾಹ್ನ ಹನ್ನೊಂದು ಮಕ್ಕಳನ್ನು ಕರೆಸಿದೆ. ಆ ಹುಡುಗಿಯನ್ನೂ ಹೇಳಿ ಕಳಿಸಿ ಕರೆಸಿದೆ. ಶಾಸನದ ಸಂಪುಟ ನಮ್ಮಲ್ಲಿಲ್ಲ, ಪ್ರೊಜೆಕ್ಟರಿನಲ್ಲಿ ಹಾಕಿದೆ. ಮುಳಬಾಗಿಲು ತಾಲ್ಲೂಕಿನ ಪುಟಗಳನ್ನು ಒಂದೊಂದಾಗಿ ಸರಿಸುತ್ತಾ ಹೋದೆವು. ಒಂದು ಗಂಟೆ ಅಂದುಕೊಂಡಿದ್ದು ಎರಡೂವರೆ ಗಂಟೆ ಆಯಿತು. ಕೊನೇ ಬಸ್ಸಿಗೆ ತಡವಾಗುತ್ತೆ ಅಂತ ನಾನೇ ಓಡಿಸಿದೆ.

ಅವಳೂರಿನ ಹೆಸರು ಬೇಗ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಬರೆದಿರುವ ರೀತಿಯೇ ಬೇರೆ. ನಾನು ಮುಂದೆ ಹೋಗಿಬಿಟ್ಟಿದ್ದೆ. "ನಿಲ್ಲಿಸಿ ಮೇಡಂ, ಹಿಂದಕ್ಕೆ ಹೋಗಿ" ಅಂದಳು. ಎದ್ದು ಬಂದು ಗೋಡೆ ಮೇಲೆ ಬೆರಳಿಟ್ಟು ತೋರಿಸಿದಳು. "ನಮ್ಮಜ್ಜಿ ಹೀಗೇ ಕರೆಯೋದು. ಸ್ಕೂಲಲ್ಲಿ ಮಾತ್ರ ಬೇರೆ ಥರ ಬರೀತೀವಿ." ನಮ್ಮ ಕ್ಯಾಟಲಾಗಿನಲ್ಲಿ ಅವರೂರಿನ ಕೆರೆ ಬಗ್ಗೆ ಒಬ್ಬ ಹಳೇ ವಿದ್ಯಾರ್ಥಿ ಮಾಡಿದ ಪ್ರಾಜೆಕ್ಟ್ ರಿಪೋರ್ಟ್ ಇದೆ. ಅವಳ ಎದುರಿಗೇ ಆ ರೆಕಾರ್ಡ್ ತೆಗೆದು, ಅಜ್ಜಿ ಹೇಳುವ ಹೆಸರನ್ನೂ ಸೇರಿಸಿದೆ. ಈಗ ಎರಡು ಹೆಸರಿಗೂ ಬರುತ್ತದೆ.

ಈಗ ಮಕ್ಕಳೇ ತಮ್ಮೂರುಗಳ ಹೆಸರು ಬರೆದು ತರುತ್ತಿದ್ದಾರೆ. ಮನೆಯಲ್ಲಿ ಏನಂತಾರೆ, ಪಹಣಿಯಲ್ಲಿ ಏನಿದೆ, ಬಸ್ ಬೋರ್ಡಿನಲ್ಲಿ ಏನಿದೆ ಅಂತ ಮೂರು ಕಾಲಂ. ಅರವತ್ತೆರಡು ಊರು ಆಗಿದೆ. ಲೇಖಕರ ಪಟ್ಟಿಯೂ ಇದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕಾಲೇಜಿನವರಿಗೆ ಯಾರಿಗಾದರೂ ಬೇಕಾದರೆ ಹೇಳಿ, ಫೈಲ್ ಕಳಿಸುತ್ತೇನೆ. ಮತ್ತೆ ಮೊದಲಿಂದ ಟೈಪ್ ಮಾಡುವುದು ಬೇಡ.

ಉತ್ತರ: ತುಮಕೂರು ಕೋಹಾ ಬಳಕೆದಾರ

ಲೇಖಕರ ಪಟ್ಟಿ ನನಗೂ ಕಳಿಸಿ ಮೇಡಂ. ಎಕ್ಸೆಲ್ ಬೇಡ, ಅಥಾರಿಟಿ ರೆಕಾರ್ಡನ್ನೇ ಲೈಬ್ರರಿ ಸಾಫ್ಟ್‌ವೇರ್‌ಗಳು ಓದುವ ಮಾರ್ಕ್ (MARC) ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ನೇರವಾಗಿ ಏರಿಸಿಕೊಳ್ಳಬಹುದು. ನನ್ನ ಹತ್ತಿರ ಇರುವ ತುಮಕೂರು ಕಡೆಯ ಲೇಖಕರದ್ದು ನಾಳೆ ಕಳಿಸ್ತೀನಿ. ಊರುಗಳ ಮೂರು ಕಾಲಂ ಫಾರ್ಮ್ ಒಂದು ಖಾಲಿ ಪ್ರತಿ ಜೊತೆಗಿರಲಿ, ನಮ್ಮ ಪಾವಗಡದ ಮಕ್ಕಳಿಗೂ ಕೊಡ್ತೀನಿ. ಅವರ ಮನೆಯಲ್ಲೂ ತೆಲುಗೇ.