ಎನ್8ಎನ್‌ನಲ್ಲಿ 31 ಲಾಟ್ 7,440 ಆಗಿದ್ದು ಹೇಗೆ? ನೋಡ್ ಜೋಡಿಸೋ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆ, ಎಪಿಎಂಸಿ ದಲಾಲಿ ಅಂಗಡಿ):

ಸರ್ ನಮಸ್ತೆ. ನಮ್ದು ದಾವಣಗೆರೆ ಎಪಿಎಂಸಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಐತೆ, ವ್ಯಾಪಾರ ಅಪ್ಪಾಜಿ ನೋಡ್ಕೊಂತಾರೆ, ಲೆಕ್ಕ ಕಂಪ್ಯೂಟರ್ ಎಲ್ಲ ನಂದು. ರೈತ್ರು ಮಾಲು ಇಳಿಸಿ ಊರಿಗೆ ಹೋಗಿರ್ತಾರೆ, ಸಂಜೆ ಆಯ್ತು ಅಂದ್ರೆ ಫೋನ್ ಮೇಲೆ ಫೋನ್, ನಂದು ಎಷ್ಟಕ್ಕೆ ಹೋತು, ತೂಕ ಎಷ್ಟು ಬಂತು, ತೇವಾಂಶ ಎಷ್ಟು ಹಿಡಿದ್ರಿ ಅಂತ. ಅದಕ್ಕೆ ದಿನಾ ಸಂಜೆ ಒಬ್ಬೊಬ್ಬ ರೈತ್ರಿಗೂ ವಾಟ್ಸಾಪ್‌ನಲ್ಲಿ ಅವರವರ ಲೆಕ್ಕ ತಾನಾಗೇ ಹೋಗ್ಲಿ ಅಂತ ಯೂಟ್ಯೂಬ್ ನೋಡಿ ಎನ್8ಎನ್ ಕಲಿಯಾಕೆ ಕೂತೆ (ಕೆಲ್ಸದ ಒಂದೊಂದು ಹೆಜ್ಜೆನೂ ಒಂದೊಂದು ಚೌಕ ಮಾಡಿ ಗೆರೆ ಎಳೆದು ಜೋಡಿಸೋ ಸಾಫ್ಟ್‌ವೇರ್ ಅದು, ಆ ಚೌಕಕ್ಕೆ ನೋಡ್ ಅಂತಾರೆ).

ನಾನು ಜೋಡ್ಸಿರೋದು ಹೀಗೆ: ಷೆಡ್ಯೂಲ್ ನೋಡ್, ಆಮೇಲೆ ಕಾಟಾ ಕಂಪ್ಯೂಟರ್‌ನಿಂದ ಡ್ರೈವ್‌ಗೆ ಬರೋ ಸಿಎಸ್‌ವಿ ಓದೋದು (ಸಾಲು ಸಾಲಾಗಿ ಲೆಕ್ಕ ಇರೋ ಫೈಲು ಅದು; ಅವತ್ತು 31 ಲಾಟ್, ಅಂದ್ರೆ 31 ಬೇರೆ ಬೇರೆ ರಾಶಿ ಮಾಲು ಇತ್ತು), ಆಮೇಲೆ ಗೂಗಲ್ ಶೀಟ್ಸ್ ನೋಡ್, ಅದ್ರಲ್ಲಿ ನಮ್ಮ 240 ರೈತ್ರ ಕೋಡ್ ಮತ್ತೆ ಫೋನ್ ನಂಬರ್ ಐತೆ, ಆಮೇಲೆ ತೇವಾಂಶ ಮಿತಿಗಿಂತ ಜಾಸ್ತಿನಾ ಅಂತ ನೋಡೋ ಇಫ್ ನೋಡ್, ಒಂದೊಂದೇ ಸಾಲು ತಗೊಂಡು ತಿರುಗಿಸೋ ಲೂಪ್ ನೋಡ್, ಕೊನೆಗೆ ವಾಟ್ಸಾಪ್. ಭಾನುವಾರ ಟೆಸ್ಟ್ ಮಾಡ್ದೆ, ದೇವ್ರ ದಯೆ ಎಲ್ಲದಕ್ಕೂ ನನ್ನ ನಂಬರೇ ಕೊಟ್ಟಿದ್ದೆ. ಮೆಸೇಜ್ ನಿಲ್ಲಂಗೇ ಇಲ್ಲ! ಒಂದೇ ಲಾಟು ಬೇರೆ ಬೇರೆ ಹೆಸರಲ್ಲಿ ಬರ್ತಾನೇ ಐತೆ, ಅರವತ್ತು ದಾಟಿದ ಮೇಲೆ ಸ್ಟಾಪ್ ಒತ್ತಿದೆ. ನೋಡಿದ್ರೆ 7,440 ಐಟಮ್ಸ್ ಅಂತ ತೋರಿಸ್ತೈತೆ. ಅದೂ ಅಲ್ದೆ ತೇವಾಂಶ 9.8 ಇರೋ ಒಳ್ಳೆ ಒಣಗಿದ ಮಾಲಿಗೂ "ತೇವಾಂಶ ಜಾಸ್ತಿ" ಅಂತ ಬಂದೈತೆ, ಮಿತಿ 14 ಅಲ್ವಾ. ಇಂಥದ್ದು ರೈತ್ರಿಗೆ ಹೋಗಿದ್ರೆ ಅಂಗಡಿ ಮರ್ಯಾದೆ ಏನಾಗ್ಬೇಕು. ಎಲ್ಲಿ ತಪ್ಪಿದೀನಿ ಹೇಳಿ ಸರ್.

ಉತ್ತರ:

ಮೇಡಂ, ಮೊದಲು ನಿಮ್ಮ ನಂಬರ್ ಹಾಕ್ಕೊಂಡು ಟೆಸ್ಟ್ ಮಾಡಿದ್ದು ಬಹಳ ಒಳ್ಳೆ ಕೆಲ್ಸ. ಆ 7,440 ಎಲ್ಲಿಂದ ಬಂತು ಅನ್ನೋದ್ರಲ್ಲೇ ನಿಮ್ಮ ಉತ್ತರ ಇದೆ. 31ನ್ನ 240ರಿಂದ ಗುಣಿಸಿ ನೋಡಿ.

ಎನ್8ಎನ್‌ನಲ್ಲಿ ಒಂದು ನೋಡ್‌ನಿಂದ ಇನ್ನೊಂದಕ್ಕೆ ಹೋಗೋದು ಐಟಂಗಳು. ನಿಮ್ಮ ಸಿಎಸ್‌ವಿಯ ಒಂದು ಸಾಲು ಅಂದ್ರೆ ಒಂದು ಐಟಂ, ಒಂದು ಚೀಲ ಅಂದ್ಕೊಳ್ಳಿ. ಬಹುತೇಕ ಎಲ್ಲಾ ನೋಡ್‌ಗಳೂ ತಮ್ಮ ಹತ್ರ ಎಷ್ಟು ಚೀಲ ಬಂತೋ ಅಷ್ಟು ಸಲ ತಮ್ಮ ಕೆಲ್ಸ ಮಾಡ್ತಾವೆ, ನೀವು ಲೂಪ್ ಹಾಕಿ ಅಂತ ಹೇಳೋದೇ ಬೇಡ. ನೀವು ಶೀಟ್ಸ್ ನೋಡನ್ನ ಸಿಎಸ್‌ವಿ ಹಿಂದೆ ಸರಪಳಿ ಥರ ಕಟ್ಟಿದೀರಿ, ಅದರ ಹತ್ರ 31 ಚೀಲ ಬಂತು, ಅದು 31 ಸಲ ಶೀಟ್ ಓದ್ತು, ಪ್ರತಿ ಸಲಾನೂ 240 ಸಾಲು ಹೊರಗೆ ಹಾಕ್ತು. ನೋಡ್ ತಪ್ಪು ಮಾಡಿಲ್ಲ, ಕೂರಿಸಿದ ಜಾಗ ತಪ್ಪು. ನೋಡ್‌ಗಳ ಮಧ್ಯದ ಗೆರೆ ಮೇಲೆ ಸಣ್ಣಗೆ "31 ಐಟಮ್ಸ್" ಅಂತ ಬರುತ್ತಲ್ಲ, ಕೆಲ್ಸ ಮಾಡುವಾಗ ಕಣ್ಣು ಅಲ್ಲೇ ಇರ್ಲಿ. ಒಂದು ನೋಡ್ ಎಳೆದು ಹಾಕೋಕೆ ಮುಂಚೆ ಇದರೊಳಗೆ ಎಷ್ಟು ಹೋಗ್ಬೇಕು, ಎಷ್ಟು ಹೊರಗೆ ಬರ್ಬೇಕು ಅಂತ ಒಂದು ಹಾಳೆ ಮೇಲೆ ಬರ್ಕೊಳ್ಳಿ. ನಾನು ಇವತ್ತಿಗೂ ಹಾಗೇ ಮಾಡೋದು.

ಈಗ ಸರಿ ಮಾಡೋಣ. ಷೆಡ್ಯೂಲ್ ನೋಡ್‌ನಿಂದ ಎರಡು ಗೆರೆ ಎಳೀರಿ, ಒಂದು ಸಿಎಸ್‌ವಿ ಕಡೆ, ಇನ್ನೊಂದು ಶೀಟ್ಸ್ ಕಡೆ. ಎರಡೂ ಪಕ್ಕಪಕ್ಕ ಓದ್ಲಿ, 31 ಒಂದ್ಕಡೆ, 240 ಒಂದ್ಕಡೆ. ಆಮೇಲೆ ಎರಡನ್ನೂ ಮರ್ಜ್ ನೋಡ್‌ಗೆ ತಂದು ಸೇರಿಸಿ, ಸಿಎಸ್‌ವಿ ಇನ್‌ಪುಟ್ 1ಕ್ಕೆ, ಶೀಟ್ 2ಕ್ಕೆ. ಮೋಡ್ ಕಂಬೈನ್ ಇಟ್ಟು, ಮ್ಯಾಚಿಂಗ್ ಫೀಲ್ಡ್ಸ್ ಅಂತ ಆರಿಸಿ ರೈತರ ಕೋಡ್ ಕೊಡಿ. ಸುಮ್ನೆ ಅಪೆಂಡ್ ಇಟ್ರೆ ಒಂದರ ಹಿಂದೆ ಒಂದು ಪೇರಿಸಿ 271 ಮಾಡುತ್ತೆ, ಅದು ನಿಮಗೆ ಬೇಕಾಗಿಲ್ಲ. ಮರ್ಜ್ ಎರಡೂ ಕಡೆ ಮಾಲು ಬರೋವರೆಗೂ ಕಾಯುತ್ತೆ, ಅದ್ರ ಚಿಂತೆ ಬೇಡ. ಹೊರಗೆ ಬರೋದು ಫೋನ್ ನಂಬರ್ ಅಂಟಿಕೊಂಡಿರೋ 31 ಲಾಟ್.

ಮುಂದಿನ ಹೆಜ್ಜೆ ಬಹಳ ಜನ ಬಿಡ್ತಾರೆ. ರೈತ್ರು 31 ಜನ ಇಲ್ಲ, ಲಾಟ್ 31. ಒಬ್ಬರದೇ ಮೂರು ಲಾಟ್ ಇದ್ರೆ ಮೂರು ಮೆಸೇಜ್ ಹೋಗುತ್ತೆ. ಅದಕ್ಕೆ ಸಮ್ಮರೈಸ್ ನೋಡ್ ಇದೆ. ಅದಕ್ಕೂ ಮುಂಚೆ ಒಂದು ಎಡಿಟ್ ಫೀಲ್ಡ್ಸ್ ನೋಡ್ ಹಾಕಿ (ಹಳೇ ವಿಡಿಯೋಗಳಲ್ಲಿ ಸೆಟ್ ಅಂತ ಇರುತ್ತೆ, ಅದೇ ಇದು), ಅದ್ರಲ್ಲಿ ಪ್ರತಿ ಲಾಟಿಗೂ ಒಂದೊಂದು ಸಾಲು ಕಟ್ಟಿ, "ಲಾಟ್ 3, 40 ಚೀಲ, 24.2 ಕ್ವಿಂಟಲ್, ತೇವಾಂಶ 12, ದರ 2,150" ಅನ್ನೋ ಥರ. ಆಮೇಲೆ ಸಮ್ಮರೈಸ್‌ನಲ್ಲಿ ಕೋಡ್, ಹೆಸರು, ಫೋನ್ ಈ ಮೂರರ ಮೇಲೆ ಗುಂಪು ಮಾಡಿ, ಹಣಕ್ಕೆ ಸಮ್ (ಕೂಡೋದು), ಈ ಸಾಲಿಗೆ ಕಾಂಕಾಟಿನೇಟ್ (ಒಂದರ ಹಿಂದೆ ಒಂದು ಅಂಟಿಸೋದು) ಕೊಡಿ. ಹೊರಗೆ ಬರುವಾಗ ಫೀಲ್ಡ್ ಹೆಸರಿನ ಮುಂದೆ ಸಮ್ ಅಂತ ಸೇರ್ಕೊಂಡಿರುತ್ತೆ, ಹಳೇ ಹೆಸರಲ್ಲಿ ಹುಡುಕಿದ್ರೆ ಸಿಗಲ್ಲ. ಈಗ ಒಬ್ಬ ರೈತ್ರಿಗೆ ಒಂದೇ ಐಟಂ, ಒಂದೇ ಮೆಸೇಜ್. ಲೂಪ್ ನೋಡ್ ಕಿತ್ತು ಹಾಕಿ.

ಇನ್ನು 9.8ರ ಕಥೆ. ಸಿಎಸ್‌ವಿಯಿಂದ ಬರೋದೆಲ್ಲ ಅಕ್ಷರ ಮೇಡಂ, ನಿಮ್ಮ ಕಣ್ಣಿಗೆ ಅಂಕಿ ಥರ ಕಂಡ್ರೂ ಅದು ಅಕ್ಷರವೇ. ಇಫ್ ನೋಡ್‌ನಲ್ಲಿ ಟೈಪ್ ಹೊಂದಲ್ಲ ಅಂತ ಕೆಂಪು ಎರರ್ ಬಂದಿರ್ಬೇಕು, ನೀವು ಅದನ್ನ ದಾಟೋಕೆ ಕೈಯಲ್ಲೇ ಸೂತ್ರ ಬರೆಯೋ ಎಕ್ಸ್‌ಪ್ರೆಷನ್ ಒಳಗೇ ತೇವಾಂಶ ದೊಡ್ಡದಾ ಮಿತಿ ದೊಡ್ಡದಾ ಅಂತ ಬರೆದಿರ್ತೀರಿ, ಹೌದಾ? ಮಿತಿ ಕಾಲಂ ಕೂಡ ಅದೇ ಸಿಎಸ್‌ವಿಯಿಂದ ಬಂದಿದ್ರೆ ಎರಡೂ ಅಕ್ಷರ. ಅಕ್ಷರ ಅಕ್ಷರ ಹೋಲಿಸುವಾಗ ಡಿಕ್ಷನರಿ ಥರ ಮೊದಲ ಅಕ್ಷರ ನೋಡೋದು: ಇಲ್ಲಿ 9, ಅಲ್ಲಿ 1, ಒಂಬತ್ತು ದೊಡ್ಡದು, ಮುಗೀತು. ಅದಕ್ಕೆ 9.8 ಅನ್ನೋದು 14ಕ್ಕಿಂತ ದೊಡ್ಡದಾಯ್ತು. ನಿಜವಾಗ್ಲೂ ಹಸಿ ಇರೋ 16ರ ಮಾಲು ಸರಿಯಾಗೇ ಸಿಕ್ಕಿಬೀಳುತ್ತೆ, ಹಾಗಾಗಿ ಎಲ್ಲ ಸರಿ ಇದೆ ಅಂತಾನೇ ಅನಿಸ್ತಿರುತ್ತೆ, ತಿಂಗಳುಗಟ್ಲೆ ಗೊತ್ತಾಗಲ್ಲ. ಸಿಎಸ್‌ವಿ ಓದಿದ ತಕ್ಷಣ ಒಂದು ಎಡಿಟ್ ಫೀಲ್ಡ್ಸ್ ಹಾಕಿ ತೂಕ, ದರ, ಹಣ, ತೇವಾಂಶ, ಮಿತಿ ಎಲ್ಲದಕ್ಕೂ ಟೈಪ್ ನಂಬರ್ ಅಂತ ಕೊಟ್ಬಿಡಿ. ಇಲ್ಲಾಂದ್ರೆ ಸಮ್ಮರೈಸ್‌ನಲ್ಲೂ ಮೊತ್ತ ಕೈ ಕೊಡುತ್ತೆ.

ವಾಟ್ಸಾಪ್ ಬಗ್ಗೆ ಒಂದು ಮಾತು. ರೈತ್ರು ನಿಮಗೆ ಕೊನೇ ಮೆಸೇಜ್ ಹಾಕಿ 24 ಗಂಟೆ ದಾಟಿದ್ರೆ ಬಿಸಿನೆಸ್ ಎಪಿಐನಲ್ಲಿ (ಸಾಫ್ಟ್‌ವೇರ್ ಮೂಲಕ ವಾಟ್ಸಾಪ್ ಕಳಿಸೋ ದಾರಿ) ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್, ಅಂದ್ರೆ ಮೆಸೇಜ್ ಮಾದರಿ ಮಾತ್ರ ಹೋಗೋದು, ಕನ್ನಡದಲ್ಲೂ ಟೆಂಪ್ಲೇಟ್ ಮಾಡಬಹುದು. ಆದ್ರೆ ಟೆಂಪ್ಲೇಟ್ ಒಳಗೆ ನೀವು ತುಂಬಿಸೋ ಜಾಗದಲ್ಲಿ ಹೊಸ ಸಾಲು ಅಂದ್ರೆ ಎಂಟರ್ ಇರಬಾರದು, ಇದ್ರೆ ವಾಪಸ್ ಬರುತ್ತೆ. ಅದಕ್ಕೆ ಕಾಂಕಾಟಿನೇಟ್‌ನಲ್ಲಿ ಲಾಟುಗಳ ಮಧ್ಯೆ ಎಂಟರ್ ಬದಲು ಅರ್ಧವಿರಾಮ (;) ಕೊಡಿ.

ಅದೇ ಮೇಡಂ, ಮಾರನೇ ದಿನ:

ಸರ್ ನೀವು ಹೇಳಿದ್ದೇ ಸರಿ, ಎರರ್ ಬಂತು ಅಂತ ಎಕ್ಸ್‌ಪ್ರೆಷನ್‌ನಲ್ಲೇ ಬರ್ದಿದ್ದೆ, ಈಗ ನಂಬರ್ ಮಾಡಿದ್ಮೇಲೆ 9.8 ಸರಿಯಾಯ್ತು. ಆದ್ರೆ ಮರ್ಜ್ ಆದ್ಮೇಲೆ 31 ಬರ್ಬೇಕಿತ್ತು 29 ಬರ್ತೈತೆ. ಎರಡು ಲಾಟ್ ಎಲ್ಲಿ ಹೋದ್ವು?

ಉತ್ತರ:

ನೀವು ಎಣಿಸಿ ನೋಡಿದ್ರಲ್ಲ, ಅದು ಬಹಳ ಖುಷಿ ಆಯ್ತು. ಮರ್ಜ್‌ನಲ್ಲಿ ಔಟ್‌ಪುಟ್ ಟೈಪ್ ಕೀಪ್ ಮ್ಯಾಚಸ್ ಅಂತ ಇರುತ್ತೆ, ಅಂದ್ರೆ ಎರಡೂ ಕಡೆ ಕೋಡ್ ಸಿಕ್ಕಿದ್ದು ಮಾತ್ರ ಮುಂದೆ, ಸಿಗದೇ ಇದ್ದಿದ್ದು ಅಲ್ಲೇ ಉಳೀತು, ಎರರ್ ಕೂಡ ಬರಲ್ಲ. ಯಾರೋ ಒಬ್ಬ ರೈತ್ರ ಲೆಕ್ಕ ಸದ್ದಿಲ್ದೆ ಮಾಯ ಆಗೋದು ಅಂದ್ರೆ ಇದೇ, ನನಗೆ 7,440ಕ್ಕಿಂತ ಇದರ ಭಯ ಜಾಸ್ತಿ. ಅಲ್ಲಿ ಎನ್‌ರಿಚ್ ಇನ್‌ಪುಟ್ 1 ಅಂತ ಮಾಡಿ. ಆಗ 31ಕ್ಕೆ 31 ಬರುತ್ತೆ, ಎರಡಕ್ಕೆ ಫೋನ್ ಜಾಗ ಖಾಲಿ ಇರುತ್ತೆ. ಮರ್ಜ್ ಆದ ಕೂಡ್ಲೇ ಒಂದು ಇಫ್: ಫೋನ್ ಇದ್ರೆ ಸಮ್ಮರೈಸ್ ಕಡೆ, ಇಲ್ದೇ ಇದ್ರೆ ಆ ಲಾಟ್‌ಗಳ ಪಟ್ಟಿ ನಿಮ್ಮ ಅಂಗಡಿ ನಂಬರಿಗೆ. ಕೋಡ್ ಹಿಂದೆ ಸ್ಪೇಸ್ ಬಿದ್ದಿದ್ರೂ ಹೊಂದಲ್ಲ, ಒಂದ್ಕಡೆ ಅಂಕಿ ಇನ್ನೊಂದ್ಕಡೆ ಅಕ್ಷರ ಆಗಿದ್ರೂ ಹೊಂದದೇ ಇರಬಹುದು, ಅದನ್ನೂ ನೋಡ್ಬಿಡಿ.

ಇನ್ನೊಂದು, ವಾಟ್ಸಾಪ್ ನೋಡ್‌ಗೆ ರಿಟ್ರೈ ಆನ್ ಫೇಲ್ ಕಣ್ಮುಚ್ಚಿ ಹಾಕ್ಬೇಡಿ. ಮೆಸೇಜ್ ಹೋಗಿ ಉತ್ತರ ಮಾತ್ರ ಬರದೇ ಇದ್ದಾಗ ಅದು ಮತ್ತೆ ಕಳಿಸುತ್ತೆ, ಹಣದ ಲೆಕ್ಕ ಎರಡೆರಡು ಸಲ ಹೋದ್ರೆ ರೈತ್ರು ಗಾಬರಿ ಆಗ್ತಾರೆ. ಬದಲಿಗೆ ಆನ್ ಎರರ್ ಜಾಗದಲ್ಲಿ ಎರರ್ ಔಟ್‌ಪುಟ್ ಬಳಸಿ ಮುಂದುವರಿಯೋ ಆಯ್ಕೆ ಇದೆ, ಅದನ್ನ ಆರಿಸಿದ್ರೆ ಆ ನೋಡ್‌ಗೆ ಎರಡನೇ ಬಾಯಿ ಬರುತ್ತೆ. ಹೋಗಿದ್ದನ್ನ ಶೀಟ್‌ನಲ್ಲಿ "ಕಳಿಸಿದೆ" ಅಂತ ಬರೆಸಿ, ಹೋಗದೇ ಇದ್ದಿದ್ದನ್ನ ಆ ಬಾಯಿಂದ ಪಟ್ಟಿಗೆ ಹಾಕಿ, ಅವರಿಗೆ ನೀವೇ ಫೋನ್ ಮಾಡಿ.

ಪ್ರಶ್ನೆ (ಹರಿಹರ, ಟ್ಯೂಷನ್ ಮೇಷ್ಟ್ರು):

ಸರ್ ಇದೇ ಪ್ರಶ್ನೋತ್ತರದಲ್ಲಿ ಕೇಳ್ತಿದೀನಿ. ಮಕ್ಕಳ ಹಾಜರಿ ಸಂಜೆ 7ಕ್ಕೆ ಪೋಷಕರಿಗೆ ಹೋಗ್ಲಿ ಅಂತ ಇಟ್ರೆ ಬೆಳಗಿನ ಜಾವ ನಾಲ್ಕೂವರೆಗೆ ಹೋಗಿದೆ, ಒಬ್ಬ ತಾಯಿ ಹೆದರ್ಕೊಂಡು ಅದೇ ಹೊತ್ತಲ್ಲಿ ಫೋನ್ ಮಾಡಿದ್ರು. ನಂದು ಸ್ವಂತ ಸರ್ವರ್.

ಉತ್ತರ:

ಮೇಷ್ಟ್ರೇ, ಸ್ವಂತ ಸರ್ವರ್‌ನಲ್ಲಿ ಹಾಕಿದಾಗ ಎನ್8ಎನ್ ಸುಮ್ನಿದ್ರೆ ನ್ಯೂಯಾರ್ಕ್ ಟೈಮ್ ಹಿಡ್ಕೊಳ್ಳುತ್ತೆ. ಅಲ್ಲಿ ಸಂಜೆ 7 ಅಂದ್ರೆ ಬೇಸಿಗೆಯಲ್ಲಿ ನಮ್ಗೆ ಬೆಳಗಿನ ಜಾವ 4.30, ಚಳಿಗಾಲಕ್ಕೆ ಅವ್ರು ಗಡಿಯಾರ ಹಿಂದೆ ತಿರುಗಿಸಿದ್ಮೇಲೆ 5.30. ವರ್ಕ್‌ಫ್ಲೋ (ನೀವು ಜೋಡಿಸಿದ ಇಡೀ ಸರಪಳಿ) ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಜೋನ್ ಏಷ್ಯಾ/ಕೋಲ್ಕತ್ತಾ ಅಂತ ಮಾಡಿ ಸೇವ್ ಮಾಡಿ, ಅಷ್ಟೇ.

ಪ್ರಶ್ನೆ (ಚಳ್ಳಕೆರೆ, ಶೇಂಗಾ ಎಣ್ಣೆ ಗಾಣದೋರು):

ಅಣ್ಣ ಆರ್ಡರ್ ಫಾರಂ ತುಂಬಿದ್ರೆ ಹೊರಗಿನ ಮಾಹಿತಿ ತಗೊಳ್ಳೋ ವೆಬ್‌ಹುಕ್ ನೋಡ್‌ಗೆ ಬಂದು ಬಿಲ್ ಆಗೋ ಥರ ಮಾಡಿವ್ನಿ. ನಾನು ಲ್ಯಾಪ್‌ಟಾಪ್ ಮುಂದೆ ಕುಂತಿದ್ರೆ ಬರ್ತೈತೆ, ಎದ್ದು ಹೋದ್ರೆ ಬರಲ್ಲ.

ಉತ್ತರ:

ನೀವು ಟೆಸ್ಟ್ ಯುಆರ್‌ಎಲ್ ಕೊಟ್ಟಿದೀರಿ ಅಣ್ಣ. ಅದು ಲಿಸನ್ ಬಟನ್ ಒತ್ತಿದ ಮೇಲೆ 120 ಸೆಕೆಂಡ್ ಮಾತ್ರ ಕಿವಿ ಕೊಡೋದು. ಪಕ್ಕದಲ್ಲೇ ಪ್ರೊಡಕ್ಷನ್ ಯುಆರ್‌ಎಲ್ ಅಂತ ಇದೆ, ಫಾರಂನಲ್ಲಿ ಅದನ್ನ ಹಾಕಿ, ಆಮೇಲೆ ವರ್ಕ್‌ಫ್ಲೋ ಆ್ಯಕ್ಟಿವ್ ಮಾಡಿ, ಹೊಸ ವರ್ಷನ್‌ನಲ್ಲಿ ಪಬ್ಲಿಶ್ ಅಂತಿದೆ. ಆಮೇಲಿಂದ ಬಂದಿದ್ದು ಎಡಿಟರ್ ಸ್ಕ್ರೀನ್ ಮೇಲೆ ಕಾಣಲ್ಲ, ಎಕ್ಸಿಕ್ಯೂಷನ್ಸ್ ಟ್ಯಾಬ್‌ನಲ್ಲಿ ನೋಡ್ಬೇಕು.

ಪ್ರಶ್ನೆ (ಚಿತ್ರದುರ್ಗ, ಇಂಜಿನಿಯರಿಂಗ್ ವಿದ್ಯಾರ್ಥಿ):

ಸರ್ ಮರ್ಜ್, ಸಮ್ಮರೈಸ್, ಇಫ್ ಅಂತ ಇಷ್ಟೊಂದು ನೋಡ್ ಯಾಕೆ? ಪ್ರೋಗ್ರಾಂ ಬರೆಯೋ ಒಂದೇ ಕೋಡ್ ನೋಡ್ ಹಾಕಿ ಎಐಗೆ ಹೇಳಿದ್ರೆ ಜಾವಾಸ್ಕ್ರಿಪ್ಟ್ ಬರ್ದು ಕೊಡುತ್ತೆ, ಎಲ್ಲ ಅದ್ರಲ್ಲೇ ಆಗುತ್ತಲ್ವಾ?

ಉತ್ತರ:

ಆಗುತ್ತಪ್ಪಾ, ಖಂಡಿತ ಆಗುತ್ತೆ. ನಾನೂ ಶುರುವಲ್ಲಿ ಹಾಗೇ ಮಾಡ್ತಿದ್ದೆ. ಒಂದು ಅಡಿಕೆ ಅಂಗಡಿಗೆ ಮುನ್ನೂರು ಸಾಲಿನ ಒಂದೇ ಕೋಡ್ ನೋಡ್ ಬರ್ದು ಕೊಟ್ಟಿದ್ದೆ, ರಾಶಿ, ಬೆಟ್ಟೆ, ಗೊರಬಲು ಅಂತ ಎಲ್ಲ ಬಗೆ ಅಡಿಕೆ ಲೆಕ್ಕ ಅದರೊಳಗೇ. ಆರು ತಿಂಗಳಾದ ಮೇಲೆ ಅವರು ಶೀಟ್‌ನಲ್ಲಿ "ತೂಕ" ಅನ್ನೋ ಕಾಲಂನ "ನಿವ್ವಳ ತೂಕ" ಅಂತ ಮಾಡಿದ್ರು. ಗೆರೆ ಮೇಲೆ 50 ಒಳಗೆ, 50 ಹೊರಗೆ, ಎಲ್ಲ ಹಸಿರು, ಲೆಕ್ಕ ಮಾತ್ರ ತಪ್ಪು. ನಾನು ಬರೆದಿದ್ದೇ ನನಗೆ ಅರ್ಥ ಆಗ್ದೆ ರಾತ್ರಿಯೆಲ್ಲ ಹುಡುಕಿದೀನಿ, ಅಂಗಡಿಯೋರು ಎರಡು ದಿನ ಕೈಬರಹದಲ್ಲಿ ಚೀಟಿ ಕೊಟ್ರು. ಅವತ್ತಿಂದ ಒಂದು ಕೆಲ್ಸಕ್ಕೆ ಒಂದು ನೋಡ್, ಪ್ರತಿ ನೋಡ್‌ಗೂ ಕನ್ನಡದಲ್ಲಿ ಹೆಸರು: "ಫೋನ್ ಇದೆಯಾ", "ರೈತರ ಪ್ರಕಾರ ಗುಂಪು" ಅಂತ. ನಾನಿಲ್ದೇ ಇದ್ರೂ ಅಂಗಡಿ ಹುಡುಗ ತೆಗೆದು ಯಾವ ಹೆಜ್ಜೆಯಲ್ಲಿ ಏನು ಬಂತು ಅಂತ ನೋಡಬಹುದು.

ಕೋಡ್ ನೋಡ್ ಬೇಡ ಅಂತಲ್ಲ. ಎರಡು ಮೂರು ಭಾಷೆಯಲ್ಲಿ ಮನಸ್ಸಿಗೆ ಬಂದಂಗೆ ಬರೆದ ವಿಳಾಸ ಬಿಡಿಸೋದು, ಅಂಥ ಜಾಗದಲ್ಲಿ ಬೇಕೇ ಬೇಕು, ಹತ್ತು ಹದಿನೈದು ಸಾಲಿನಷ್ಟು. ಲೂಪ್ ನೋಡ್ ಕೂಡ ಅಷ್ಟೇ, ಎದುರಿನ ಸರ್ವರ್ ಒಂದೇ ಸಲ ಜಾಸ್ತಿ ತಗೊಳ್ಳಲ್ಲ ಅಂದಾಗ ಹತ್ತತ್ತು ಕಳಿಸಿ ಮಧ್ಯೆ ವೇಟ್ ಇಡೋಕೆ. ಅದಕ್ಕೆ ಡನ್, ಲೂಪ್ ಅಂತ ಎರಡು ಬಾಯಿ ಇದೆ, ಮೇಲಿರೋ ಡನ್‌ಗೆ ಗೆರೆ ಕೊಟ್ಟು ಯಾಕೆ ತಿರುಗ್ತಿಲ್ಲ ಅಂತ ಕೂರೋರು ಬಹಳ ಜನ.

ದಾವಣಗೆರೆ ಮೇಡಂ, ಮೂರನೇ ದಿನ:

ಸರ್ ನಿನ್ನೆ ರಾತ್ರಿ ಮತ್ತೆ ನನ್ನ ನಂಬರಿಗೇ ಹಾಕಿ ಓಡಿಸಿದೆ. ಮರ್ಜ್ 31, ಇಫ್‌ನಲ್ಲಿ 29 ಒಂದ್ಕಡೆ 2 ಒಂದ್ಕಡೆ, ಸಮ್ಮರೈಸ್ 13. ಹದಿಮೂರೇ ಮೆಸೇಜ್ ಬಂದ್ವು, ಒಂದೊಂದನ್ನೂ ಅಪ್ಪಾಜಿ ಪಟ್ಟಿ ಪುಸ್ತಕ ಹಿಡ್ಕೊಂಡು ತಾಳೆ ನೋಡಿದ್ರು, ಪೈಸೆ ವ್ಯತ್ಯಾಸ ಇಲ್ಲ. ಆ ಎರಡು ಲಾಟ್ ಒಬ್ಬರದೇ ಸರ್, ಜಗಳೂರು ಕಡೆಯೋರು, ಈ ಸಲ ಹೊಸದಾಗಿ ನಮ್ಮ ಅಂಗಡಿಗೆ ಬಂದೋರು, ನಾನು ನಂಬರ್ ಬರ್ಕೊಂಡೇ ಇರ್ಲಿಲ್ಲ. ಅಪ್ಪಾಜಿ ಅವರ ಊರಿನ ಇನ್ನೊಬ್ಬರ ಕಡೆ ನಂಬರ್ ಇಸ್ಕೊಂಡು ಫೋನ್ ಮಾಡಿ ಲೆಕ್ಕ ಹೇಳಿದ್ರು. ಇವತ್ತು ಸಂಜೆಯಿಂದ ರೈತ್ರ ನಂಬರಿಗೆ ಬಿಡ್ತೀನಿ, ಟೈಮ್‌ಜೋನ್ ಕೂಡ ಮೇಷ್ಟ್ರ ಪ್ರಶ್ನೆ ನೋಡಿ ಸರಿ ಮಾಡ್ಕೊಂಡೆ.

ಉತ್ತರ:

ಮೊದಲ ಎರಡು ದಿನ ಬರೀ ಹತ್ತಿರದ ಮೂರು ನಾಲ್ಕು ರೈತ್ರಿಗೆ ಬಿಡಿ ಮೇಡಂ, ಅವ್ರು ಓದಿ ಅರ್ಥ ಆಯ್ತು ಅಂದ್ಮೇಲೆ ಎಲ್ರಿಗೂ.