ಮುಂಬೈ–ನ್ಯೂಯಾರ್ಕ್: ಹೋಗಲು 6 ಗಂಟೆ, ಬರಲು 24 ಗಂಟೆ?

ಡೊಂಬಿವಲಿ ಮಗಳು:
ಎಲ್ಲರಿಗೂ ನಮಸ್ಕಾರ. ತಂಗಿಯ ಬಾಣಂತನಕ್ಕೆ ಅಮ್ಮ ಜೂನ್‌ನಲ್ಲಿ ಒಬ್ಬರೇ ನ್ಯೂಯಾರ್ಕ್‌ಗೆ ಹೊರಟಿದ್ದಾರೆ, ಸೆಪ್ಟೆಂಬರ್‌ನಲ್ಲಿ ವಾಪಸ್. ವಯಸ್ಸು 71. ನಾನು ನೋಡಿದ ನೇರ ವಿಮಾನ ರಾತ್ರಿ 1:30ಕ್ಕೆ ಹೊರಟು ಅದೇ ದಿನ ಬೆಳಗ್ಗೆ 7:55ಕ್ಕೆ ತಲುಪುತ್ತದಂತೆ. ಬರುವಾಗ ಬೆಳಗ್ಗೆ 11:30ಕ್ಕೆ ಹೊರಟರೆ ಮರುದಿನ 11:15ಕ್ಕೆ ಮುಂಬೈ. ಅಸಲಿಗೆ ಎಷ್ಟು ಹೊತ್ತು ಕೂರಬೇಕು? ದುಬೈ ಮೇಲೆ ಹೋದರೆ ದೂರ ಬಹಳ ಜಾಸ್ತಿಯಾ? ಇನ್ನೊಂದು ಚಿಂತೆ ಮಾತ್ರೆಯದ್ದು. ಬಿಪಿ, ಥೈರಾಯ್ಡ್ ಎರಡೂ ಇವೆ. ಡಬ್ಬಿಯ ಮುಚ್ಚಳಗಳ ಮೇಲೆ ‘ಬೆಳಗ್ಗೆ’, ‘ರಾತ್ರಿ’ ಎಂದು ಅಮ್ಮ ಚೀಟಿ ಅಂಟಿಸಿಕೊಂಡಿದ್ದಾರೆ. ಯಾವ ಊರಿನ ಬೆಳಗ್ಗೆ ಎಂದು ನನ್ನನ್ನು ಕೇಳುತ್ತಾರೆ.

ಮಾಟುಂಗಾ ರಾಯರು:
ಗಾಬರಿ ಬೇಡಮ್ಮ. ಟಿಕೆಟ್ ಮೇಲೆ ಆಯಾ ಊರಿನ ಗಡಿಯಾರದ ಸಮಯ ಹಾಕಿರುತ್ತಾರೆ. ಜೂನ್‌ನಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಹೋಗುವಾಗ ಟಿಕೆಟ್‌ನಲ್ಲಿ ಕಾಣುವ 6 ಗಂಟೆ 25 ನಿಮಿಷಕ್ಕೆ ಅದನ್ನು ಕೂಡಿಸಿ: 15 ಗಂಟೆ 55 ನಿಮಿಷ. ಬರುವಾಗ 23 ಗಂಟೆ 45 ನಿಮಿಷದಿಂದ ಕಳೆಯಿರಿ: 14 ಗಂಟೆ 15 ನಿಮಿಷ. ವಾಪಸ್ ಟಿಕೆಟ್ ನವೆಂಬರ್ ಮೊದಲ ಭಾನುವಾರದ ಆಚೆಗೆ ಹೋದರೆ, ಅಂದು ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಿಡುವುದರಿಂದ, ವ್ಯತ್ಯಾಸ ಹತ್ತೂವರೆಯಾಗುತ್ತದೆ, ನೆನಪಿರಲಿ. ಎರಡೂ ಕಡೆ ದೂರ ಒಂದೇ, ಸುಮಾರು 12,500 ಕಿ.ಮೀ. ಹತ್ತು–ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಜೆಟ್ ಸ್ಟ್ರೀಮ್ ಅಂದರೆ ಅದೇ. ಬರುವಾಗ ಬೆನ್ನಿಗೆ ಸಿಗುತ್ತದೆ, ಹೋಗುವಾಗ ಎದುರಾಗುತ್ತದೆ. ಚಳಿಗಾಲದಲ್ಲಿ ಇನ್ನೂ ಬಿರುಸು.

ದುಬೈ ಮೇಲೆ ಹೋದರೂ ದೂರ ಹೆಚ್ಚುವುದು ಬರೀ 400 ಕಿ.ಮೀ. ಆಸುಪಾಸು. ಹೊತ್ತು ತಿನ್ನುವುದು ಅಲ್ಲಿ ಕಾಯುವುದೇ. ಹಾಗಾಗಿ ಕಿಲೋಮೀಟರ್ ಬಿಡಿ, ಮನೆ ಬಾಗಿಲಿನಿಂದ ಲೆಕ್ಕ ಹಾಕಿ. ಡೊಂಬಿವಲಿಯಿಂದ ಶೀಳ್ ಫಾಟಾ ದಾಟಿ ಸಹಾರ್‌ನ ಟರ್ಮಿನಲ್ 2 ಮುಟ್ಟಬೇಕು, ಮೂರು ಗಂಟೆ ಮೊದಲೇ ಅಲ್ಲಿರಬೇಕು, ಇಳಿದ ಮೇಲೆ ಇಮಿಗ್ರೇಷನ್ ಸಾಲು ಬೇರೆ. ಅಮ್ಮನ ಪಾಲಿಗೆ ಅದು ಪೂರ್ತಿ ಒಂದು ದಿನ. ಒಬ್ಬರೇ ಹೋಗುವವರಿಗೆ ನೇರ ವಿಮಾನವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕುಂದಾಪ್ರ–ಪುಣೆ:
ರಾಯರೇ, ಒಂದು ಸೇರಿಸ್ತೇನೆ. ಗ್ಲೋಬ್ ಮೇಲೆ ಮುಂಬೈಯಿಂದ ನ್ಯೂಯಾರ್ಕ್‌ಗೆ ದಾರ ಎಳೆದು ಹಿಡಿದು ನೋಡಿ. ಅದು ರಷ್ಯಾ, ನಾರ್ವೆ ಕಡೆ ಹತ್ತಿ ಐಸ್‌ಲ್ಯಾಂಡ್ ಹತ್ತಿರದಿಂದ ಕೆನಡಾಕ್ಕೆ ಇಳಿಯುತ್ತದೆ. 12,500 ಅಂದರೆ ಆ ದಾರದ ಉದ್ದ. ವಿಮಾನ ಅದೇ ಗೆರೆ ಹಿಡಿಯಬೇಕೆಂದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶ ಮುಚ್ಚಿದ ಮೇಲೆ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಬೇಕಾಯಿತು. ಹಳೇ ಅಂದಾಜು ನಂಬಬೇಡಿ, ಬುಕ್ ಮಾಡುವ ದಿನದ ಅವಧಿ ನೋಡಿ.

ವಾಶಿ ಅಕ್ಕ:
ಮಾತ್ರೆ ವಿಷಯ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಮುಖ್ಯವಾಗಿ ತಲುಪಿದ ಮೊದಲ ದಿನದ್ದು. ನಮ್ಮ ಅತ್ತೆಗೆ ಹೇಳಿದ್ದು: ಇಳಿಯುವ ತನಕ ಕೈಗಡಿಯಾರ ಭಾರತದ ಸಮಯದಲ್ಲೇ ಇರಲಿ, ಆಮೇಲೆ ಅಲ್ಲಿಯದಕ್ಕೆ ಬದಲಿಸಿ. ಡಬ್ಬಿ, ಡಾಕ್ಟರ ಚೀಟಿ ಎರಡೂ ಕೈಚೀಲದಲ್ಲೇ ಇರಲಿ. ಗಾಲಿಕುರ್ಚಿ ಬುಕ್ ಮಾಡುವಾಗಲೇ ಕೇಳಿ. ನಡೆದಾಡುವ ದಾರಿ ಪಕ್ಕದ (ಐಲ್) ಸೀಟು ಹಿಡಿಯಿರಿ, ಆಗಾಗ ಎದ್ದು ನಡೆದಾಡಲಿ. ಅಷ್ಟು ಹೊತ್ತು ಒಂದೇ ಸಮನೆ ಕೂತರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯ.

ಡೊಂಬಿವಲಿ ಮಗಳು:
ತುಂಬಾ ಉಪಕಾರವಾಯಿತು. ನೇರ ವಿಮಾನವೇ ಬುಕ್ ಮಾಡುತ್ತೇನೆ. ಅಕ್ಕಾ, ಗಾಲಿಕುರ್ಚಿಯವರು ನ್ಯೂಯಾರ್ಕ್‌ನಲ್ಲಿ ಲಗೇಜ್ ಬೆಲ್ಟ್ ತನಕ ಬರುತ್ತಾರಾ?

ವಾಶಿ ಅಕ್ಕ:
ಬರುತ್ತಾರೆ. ನಮ್ಮತ್ತೆಯನ್ನು ಹೊರಬಾಗಿಲವರೆಗೂ ಬಿಟ್ಟಿದ್ದರು. ತಂಗಿಯ ಫೋನ್ ನಂಬರನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ.